‘ಹ್ಯಾವ್’ ಕಲಿಯಬೇಕೆ? ಮೊದಲು ‘ಹೊಂದು’ ಮರೆಯಿರಿ

ಐದನೇ ತರಗತಿಯಲ್ಲಿ ನನ್ನ ಇಂಗ್ಲಿಷ್ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಹೀಗೆ ಬರೆದುಕೊಂಡಿದ್ದೆ: ‘ಹ್ಯಾವ್ ಅಂದರೆ ಹೊಂದು’. ಕೆಳಗೆ ಉದಾಹರಣೆ: ‘ಐ ಹ್ಯಾವ್ ಎ ಪೆನ್’ – ‘ನಾನು ಒಂದು ಪೆನ್ನನ್ನು ಹೊಂದಿದ್ದೇನೆ’. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಬಂತು. ಆದರೆ ನಮ್ಮ ಬೀದಿಯಲ್ಲಿ ಯಾರೂ ಪೆನ್ನನ್ನು ಹೊಂದಿದ್ದನ್ನು ನಾನು ಕೇಳಿಲ್ಲ. ಅಜ್ಜಿ ‘ನನಗೆ ಮಂಡಿನೋವಿದೆ’ ಅನ್ನುತ್ತಿದ್ದರೇ ಹೊರತು ‘ನಾನು ಮಂಡಿನೋವನ್ನು ಹೊಂದಿದ್ದೇನೆ’ ಅಂದವರಲ್ಲ.

‘ಹೊಂದು’ ನಮ್ಮದೇ ಪದ. ಹೊಂದಿಕೆ, ಹೊಂದಾಣಿಕೆ ಎಲ್ಲ ಅದರಿಂದಲೇ ಹುಟ್ಟಿದವು. ಕೂಡಿಕೊಳ್ಳುವುದು, ಸರಿಹೋಗುವುದು, ಪಡೆಯುವುದು ಅದರ ಸಹಜ ಕೆಲಸ. ಅನುವಾದದ ಅವಸರದಲ್ಲಿ ಅದನ್ನು ಎಳೆತಂದು ‘ಹ್ಯಾವ್’ನ ಜಾಗದಲ್ಲಿ ಕೂರಿಸಿಬಿಟ್ಟಿದ್ದೇವೆ. ಅದರಿಂದ ಎರಡು ನಷ್ಟ: ಕನ್ನಡವೂ ಕೆಡುತ್ತದೆ, ಇಂಗ್ಲಿಷೂ ಬರುವುದಿಲ್ಲ. ಮಾತಾಡುವ ಹೊತ್ತಿನಲ್ಲಿ ನಮ್ಮ ತಲೆಯೊಳಗೆ ಬರುವುದು ‘ನನಗೆ ಇದೆ’, ‘ನನ್ನ ಹತ್ತಿರ ಇದೆ’ ಎಂಬ ವಾಕ್ಯ. ಅಲ್ಲಿಂದ ಇಂಗ್ಲಿಷಿಗೆ ದಾರಿಯನ್ನೇ ಯಾರೂ ತೋರಿಸಿರುವುದಿಲ್ಲ. ಈ ಬರಹದಲ್ಲಿ ಆ ದಾರಿಯನ್ನು ಒಂದೊಂದೇ ಹೆಜ್ಜೆ ನಡೆಯೋಣ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ.

ಹೆಜ್ಜೆ 1: ವಾಕ್ಯವನ್ನು ತಿರುವಿ ಹಾಕಿ

ಕನ್ನಡದಲ್ಲಿ ‘ಹ್ಯಾವ್’ಗೆ ಸಮನಾದ ಕ್ರಿಯಾಪದವೇ ಇಲ್ಲ. ಇದು ಕೊರತೆಯೇನಲ್ಲ. ಹಿಂದಿಯವರು ‘ಮೇರೇ ಪಾಸ್ ಹೈ’ ಅನ್ನುತ್ತಾರೆ. ರಷ್ಯನ್ನರು ‘ಉ ಮೆನ್ಯಾ ಯೆಸ್ತ್’ ಅಂದರೆ ಅದೂ ಹೆಚ್ಚುಕಮ್ಮಿ ನಮ್ಮ ‘ನನ್ನ ಹತ್ತಿರ ಇದೆ’ಯೇ. ಲ್ಯಾಟಿನ್‌ನಲ್ಲಂತೂ ‘ಮಿಹಿ ಎಸ್ಟ್’ ಎಂಬ ಪ್ರಯೋಗವಿತ್ತು. ಪದಕ್ಕೆ ಪದ ಇಟ್ಟರೆ ‘ನನಗೆ ಇದೆ’. ಇಂಗ್ಲಿಷಿನ ‘ಹ್ಯಾವ್’ ಬಂದಿರುವುದು ಹಳೆಯ ಇಂಗ್ಲಿಷಿನ ‘ಹಬ್ಬನ್’ನಿಂದ. ಅದರ ಬೇರಿನ ಅರ್ಥ ಹಿಡಿಯುವುದು. ಅವರ ಲೆಕ್ಕದಲ್ಲಿ ಮನುಷ್ಯ ವಸ್ತುವನ್ನು ಕೈಯಲ್ಲಿ ಹಿಡಿದಿದ್ದಾನೆ. ನಮ್ಮ ಲೆಕ್ಕದಲ್ಲಿ ವಸ್ತು ತನ್ನ ಪಾಡಿಗೆ ಇದೆ, ಮನುಷ್ಯನಿಗೆ ಸೇರಿದೆ, ಅಷ್ಟೆ.

ಈ ವ್ಯತ್ಯಾಸದಿಂದ ಒಂದು ದೊಡ್ಡ ತಪ್ಪು ಹುಟ್ಟುತ್ತದೆ. ‘ಅವಳಿಗೆ ಮೂವರು ಮಕ್ಕಳಿದ್ದಾರೆ’ ಎಂಬ ವಾಕ್ಯ ನೋಡಿ. ‘ಇದ್ದಾರೆ’ ಎಂಬ ಬಹುವಚನ ಬಂದದ್ದು ಮಕ್ಕಳಿಂದ, ಅವಳಿಂದಲ್ಲ. ಇಂಗ್ಲಿಷಿನಲ್ಲಿ ‘ಅವಳಿಗೆ’ ಎಂಬುದು ‘ಷೀ’ ಆಗಿ ಕರ್ತೃವಿನ ಕುರ್ಚಿಯಲ್ಲಿ ಕೂರುತ್ತದೆ. ಕ್ರಿಯಾಪದ ಅವಳ ಮಾತನ್ನೇ ಕೇಳಬೇಕು. ಹಾಗಾಗಿ ‘ಷೀ ಹ್ಯಾಸ್ ತ್ರೀ ಚಿಲ್ಡ್ರನ್’. ಮಕ್ಕಳು ಮೂವರಿರಲಿ ಮೂವತ್ತಿರಲಿ, ‘ಹ್ಯಾಸ್’ ಬದಲಾಗದು. ನಮ್ಮವರು ‘ಷೀ ಹ್ಯಾವ್ ತ್ರೀ ಚಿಲ್ಡ್ರನ್’ ಅನ್ನುವುದಕ್ಕೆ ಮಕ್ಕಳ ಸಂಖ್ಯೆಯೇ ಕಾರಣ, ದಡ್ಡತನವಲ್ಲ. ಕನ್ನಡದ ಕಿವಿ ಅಲ್ಲಿ ಬಹುವಚನ ಕೇಳಿಸಿಕೊಂಡಿರುತ್ತದೆ.

ಅಭ್ಯಾಸ: ‘ಗೆ’ ಅಥವಾ ‘ಹತ್ತಿರ’ ಅಂಟಿಕೊಂಡ ಪದ ಯಾವುದು ಹುಡುಕಿ. ಅದರ ಬಾಲ ಕತ್ತರಿಸಿ ಇಂಗ್ಲಿಷ್ ವಾಕ್ಯದ ಮೊದಲಿಗೆ ಇಡಿ. ‘ನನಗೆ’ ಅನ್ನುವುದು ‘ಐ’, ‘ಅವರ ಹತ್ತಿರ’ ಅನ್ನುವುದು ‘ದೇ’, ‘ಈ ಮನೆಗೆ’ ಅನ್ನುವುದು ‘ದಿಸ್ ಹೌಸ್’. ಆಮೇಲೆ ‘ಹ್ಯಾವ್’ ಅಥವಾ ‘ಹ್ಯಾಸ್’. ಕೊನೆಗೆ ಇರುವ ವಸ್ತು.

ಹೆಜ್ಜೆ 2: ಯಾವ ‘ಇದೆ’ ಅಂತ ಗುರುತಿಸಿ

ಕನ್ನಡದಲ್ಲಿ ಈ ಅರ್ಥಕ್ಕೆ ಹಲವು ಬಾಗಿಲುಗಳಿವೆ. ಸಂಬಂಧ, ಕಾಯಿಲೆ, ಅನುಮಾನ, ಪುರುಸೊತ್ತು ಇವುಗಳಿಗೆ ‘ನನಗೆ’: ನನಗೆ ಒಬ್ಬ ತಮ್ಮ ಇದ್ದಾನೆ, ನನಗೆ ಒಂದು ಅನುಮಾನ ಇದೆ. ಕೈಯಲ್ಲಿರುವ ವಸ್ತು, ದುಡ್ಡು ಇವುಗಳಿಗೆ ‘ನನ್ನ ಹತ್ತಿರ’. ಧಾರವಾಡದ ಕಡೆ ‘ನನ್ ಕಡೆ ರೊಕ್ಕ ಐತಿ’, ಮಂಗಳೂರಿನ ಕಡೆ ‘ನನ್ನತ್ರ ದುಡ್ಡುಂಟು’. ಗುಣಗಳಿಗೆ ‘ಅವನಲ್ಲಿ’: ಅವನಲ್ಲಿ ತಾಳ್ಮೆ ಇದೆ. ಇಂಗ್ಲಿಷಿನಲ್ಲಿ ಇಷ್ಟೂ ಬಾಗಿಲುಗಳ ಬದಲಿಗೆ ಒಂದೇ ‘ಹ್ಯಾವ್’. ಈ ವಿಷಯದಲ್ಲಿ ಇಂಗ್ಲಿಷ್ ನಮಗಿಂತ ಸುಲಭ ಅಂತ ಖುಷಿಪಡಬಹುದು.

ಆದರೆ ‘ನನಗೆ’ ಕಂಡಲ್ಲೆಲ್ಲ ‘ಐ ಹ್ಯಾವ್’ ಹಾಕಿದರೆ ಎಡವುತ್ತೀರಿ. ನನಗೆ ಗೊತ್ತು ಅಂದರೆ ‘ಐ ನೋ’. ನನಗೆ ಇಷ್ಟ ಅಂದರೆ ‘ಐ ಲೈಕ್’. ನನಗೆ ಹಸಿವಾಗಿದೆ ಅಂದರೆ ‘ಐ ಆಮ್ ಹಂಗ್ರಿ’. ನನಗೆ ಮೂವತ್ತು ವರ್ಷ ಅಂದರೆ ‘ಐ ಆಮ್ ಥರ್ಟಿ’. ಬೇರ್ಪಡಿಸಲು ಸಣ್ಣದೊಂದು ಉಪಾಯವಿದೆ. ‘ನಿನಗೆ ಏನಿದೆ?’ ಎಂದು ಕೇಳಿದರೆ ಉತ್ತರವಾಗಿ ಒಂದು ನಾಮಪದ ಸಿಗಬೇಕು: ಜ್ವರ ಇದೆ, ಕೆಲಸ ಇದೆ, ಅಕ್ಕ ಇದ್ದಾಳೆ. ಸಿಕ್ಕರೆ ಬಹುಮಟ್ಟಿಗೆ ‘ಹ್ಯಾವ್’. ‘ಏನಾಗ್ತಿದೆ?’ ಎಂಬ ಪ್ರಶ್ನೆಗೆ ಉತ್ತರವಾದರೆ – ಹಸಿವಾಗ್ತಿದೆ, ಚಳಿಯಾಗ್ತಿದೆ, ಸುಸ್ತಾಗ್ತಿದೆ – ‘ಆಮ್’.

ಕಾಯಿಲೆಗಳ ವಿಷಯದಲ್ಲಿ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ‘ಐ ಆಮ್ ಕೋಲ್ಡ್’ ಅಂದರೆ ನನಗೆ ಚಳಿಯಾಗುತ್ತಿದೆ, ಕಿಟಕಿ ಮುಚ್ಚಿ. ‘ಐ ಹ್ಯಾವ್ ಎ ಕೋಲ್ಡ್’ ಅಂದರೆ ನನಗೆ ನೆಗಡಿ ಇದೆ, ಮಾತ್ರೆ ಕೊಡಿ. ‘ಐ ಆಮ್ ಫೀವರ್’ ಅಂತ ರಜೆಚೀಟಿ ಬರೆಯುವ ಮಕ್ಕಳು ತಾವೇ ಜ್ವರವಾಗಿಬಿಟ್ಟಿರುತ್ತಾರೆ. ‘ಐ ಹ್ಯಾವ್ ಎ ಫೀವರ್’ ಆಗಬೇಕು.

ಇನ್ನೊಂದು: ‘ನಮ್ಮೂರಲ್ಲಿ ಎರಡು ಕೆರೆ ಇವೆ’. ಇಲ್ಲಿ ‘ಅಲ್ಲಿ’ ಇದೆ, ಜಾಗ ಹೇಳುತ್ತಿದ್ದೇವೆ. ‘ದೇರ್ ಆರ್ ಟೂ ಲೇಕ್ಸ್ ಇನ್ ಅವರ್ ವಿಲೇಜ್’ ಅನ್ನಿ. ‘ಹ್ಯಾಸ್’ ಬೇಕೇ ಬೇಕು ಅಂದರೆ ‘ಅವರ್ ವಿಲೇಜ್ ಹ್ಯಾಸ್ ಟೂ ಲೇಕ್ಸ್’, ಅಂದರೆ ಊರಿನ ‘ಅಲ್ಲಿ’ ಕತ್ತರಿಸಿ. ‘ಇನ್ ಅವರ್ ವಿಲೇಜ್ ಹ್ಯಾಸ್’ ಅಂತ ಎರಡನ್ನೂ ಕಲಸಬೇಡಿ.

ಹೆಜ್ಜೆ 3: ರೂಪಗಳು

ಇದನ್ನು ಬೇಗ ಮುಗಿಸೋಣ. ಹೀ, ಷೀ, ಇಟ್, ಒಬ್ಬರ ಅಥವಾ ಒಂದು ವಸ್ತುವಿನ ಹೆಸರು ಬಂದರೆ ‘ಹ್ಯಾಸ್’. ಉಳಿದವರಿಗೆಲ್ಲ ‘ಹ್ಯಾವ್’. ನಿನ್ನೆ ಮೊನ್ನೆಯ ಮಾತಾದರೆ ಎಲ್ಲರಿಗೂ ‘ಹ್ಯಾಡ್’. ಪ್ರಶ್ನೆಗೆ ಮತ್ತು ‘ಇಲ್ಲ’ಕ್ಕೆ ‘ಡು, ಡಸ್, ಡಿಡ್’ ಸಹಾಯಕ್ಕೆ ಬರುತ್ತವೆ. ಅವು ಬಂದ ಕೂಡಲೇ ‘ಹ್ಯಾಸ್’, ‘ಹ್ಯಾಡ್’ ಎರಡೂ ಮತ್ತೆ ‘ಹ್ಯಾವ್’ ಆಗುತ್ತವೆ: ‘ಡಸ್ ಷೀ ಹ್ಯಾವ್ ಎ ಫೋನ್?’, ‘ಹೀ ಡಿಡಂಟ್ ಹ್ಯಾವ್ ಮನಿ’. ವಾಕ್ಯದಲ್ಲಿ ‘ಸ್’ ಒಂದೇ; ‘ಡಸ್’ ಅದನ್ನು ತೆಗೆದುಕೊಂಡು ಹೋಗಿರುತ್ತದೆ.

ಬಸ್ಸಿನಲ್ಲಿ ಕಂಡಕ್ಟರ್ ‘ಡು ಯೂ ಹ್ಯಾವ್ ಚೇಂಜ್?’ ಅಂತ ಚಿಲ್ಲರೆ ಕೇಳಿದರೆ ನಾವು ‘ಇದೆ’ ಎಂಬ ಲೆಕ್ಕದಲ್ಲಿ ‘ಯೆಸ್, ಐ ಹ್ಯಾವ್’ ಅನ್ನುತ್ತೇವೆ. ಅರ್ಥವಾಗುತ್ತದೆ, ತೊಂದರೆಯಿಲ್ಲ. ‘ಡು’ ಎಂದು ಕೇಳಿದ್ದಕ್ಕೆ ‘ಯೆಸ್, ಐ ಡು’ ಅನ್ನುವುದು ವಾಡಿಕೆ. ‘ಹ್ಯಾವ್ ಯೂ ಗಾಟ್ ಚೇಂಜ್?’ ಅಂದರೂ ಅದೇ ಅರ್ಥ. ಬ್ರಿಟಿಷರ ಬಾಯಲ್ಲಿ ಹೆಚ್ಚು ಕೇಳಿಸುತ್ತದೆ. ಅದಕ್ಕೆ ಉತ್ತರ ‘ಯೆಸ್, ಐ ಹ್ಯಾವ್’.

ಹೆಜ್ಜೆ 4: ‘ಐ ಆಮ್ ಹ್ಯಾವಿಂಗ್’

ಇದು ನಮ್ಮ ಇಡೀ ದೇಶದ ಇಂಗ್ಲಿಷಿನ ಗುರುತು. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ವೀ ಆರ್ ಹ್ಯಾವಿಂಗ್ ಎ ಹೌಸ್ ಇನ್ ಮೈಸೂರು’. ನಮ್ಮನಮ್ಮಲ್ಲಿ ಮಾತಾಡುವಾಗ ಯಾರೂ ನಗುವುದಿಲ್ಲ. ಸಂದರ್ಶನದಲ್ಲಿ, ಹೊರದೇಶದವರ ಜೊತೆ, ಬರಹದಲ್ಲಿ ಮಾತ್ರ ಕಣ್ಣಿಗೆ ಹೊಡೆಯುತ್ತದೆ.

ಇದಕ್ಕೂ ಆ ‘ಹೊಂದಿದ್ದೇನೆ’ಗೂ ನಂಟಿದೆ ಅಂತ ನನ್ನ ಗುಮಾನಿ. ‘ಹೊಂದಿದ್ದೇನೆ’, ‘ಮಾಡುತ್ತಿದ್ದೇನೆ’ ಎರಡರ ಕೊನೆಯಲ್ಲೂ ‘ಇದ್ದೇನೆ’ ಇದೆ. ‘ಇದ್ದೇನೆ’ ಕೇಳಿಸಿದ ಕೂಡಲೇ ನಾಲಿಗೆ ‘ಆಮ್’ ಅನ್ನುತ್ತದೆ, ‘ಆಮ್’ ಬಂದ ಮೇಲೆ ‘ಇಂಗ್’ ತಾನಾಗಿ ಹಿಂದೆ ಬರುತ್ತದೆ.

ಪರೀಕ್ಷೆ ಸುಲಭ. ವಾಕ್ಯವನ್ನು ಕನ್ನಡದಲ್ಲಿ ‘-ತಾ ಇದ್ದೀನಿ’, ‘-ತಾ ಇದ್ದಾರೆ’ ಎಂದು ಹೇಳಿನೋಡಿ. ‘ನನಗೆ ಇಬ್ಬರು ತಮ್ಮಂದಿರು ಇರ್ತಾ ಇದ್ದಾರೆ’ – ಯಾರಾದರೂ ಹಾಗನ್ನುತ್ತಾರೆಯೇ? ಇಲ್ಲ. ಹಾಗಾದರೆ ‘ಹ್ಯಾವಿಂಗ್’ ಕೂಡ ಇಲ್ಲ, ‘ಐ ಹ್ಯಾವ್ ಟೂ ಬ್ರದರ್ಸ್’. ‘ಊಟ ಮಾಡ್ತಾ ಇದ್ದೀನಿ’ – ಇದು ಸರಿಹೋಯಿತು, ಆದ್ದರಿಂದ ‘ಐ ಆಮ್ ಹ್ಯಾವಿಂಗ್ ಲಂಚ್’ ಕೂಡ ಸರಿ. ಸ್ನಾನ ಮಾಡ್ತಾ ಇದ್ದಾನೆ: ‘ಹೀ ಈಸ್ ಹ್ಯಾವಿಂಗ್ ಎ ಬಾತ್’. ಮೀಟಿಂಗ್ ಮಾಡ್ತಾ ಇದ್ದಾರೆ: ‘ದೇ ಆರ್ ಹ್ಯಾವಿಂಗ್ ಎ ಮೀಟಿಂಗ್’. ಅಂದರೆ ‘ಹ್ಯಾವಿಂಗ್’ ಎಂಬ ಪದದಲ್ಲಿ ದೋಷವಿಲ್ಲ. ಕೆಲವು ಪುಸ್ತಕಗಳು ಅದನ್ನು ಬಳಸಲೇಬಾರದು ಅನ್ನುವಂತೆ ಹೆದರಿಸುತ್ತವೆ, ಅದು ಅತಿಯಾಯಿತು.

ಎಚ್ಚರ ಬೇಕಾದ ಒಂದು ಜಾಗವಿದೆ. ‘ಷೀ ಹ್ಯಾಸ್ ಎ ಬೇಬಿ’ ಅಂದರೆ ಅವಳಿಗೆ ಮಗುವಿದೆ. ‘ಷೀ ಈಸ್ ಹ್ಯಾವಿಂಗ್ ಎ ಬೇಬಿ’ ಅಂದರೆ ಅವಳು ಬಸುರಿ, ಇಲ್ಲವೇ ಹೆರಿಗೆಯಾಗುತ್ತಿದೆ. ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಅಂತ ಐವತ್ತು ದಾಟಿದ ಗಂಡಸರು ಗಂಭೀರವಾಗಿ ಹೇಳುವುದನ್ನು ಕೇಳಿದಾಗ ನನಗೆ ಇದು ನೆನಪಾಗುತ್ತದೆ.

ಹೆಜ್ಜೆ 5: ತಿನ್ನುವ, ಕುಡಿಯುವ ‘ಹ್ಯಾವ್’

ಮನೆಗೆ ಬಂದವರಿಗೆ ನಾವು ‘ಕಾಫಿ ಕುಡೀರಿ’ ಅನ್ನುವುದಕ್ಕಿಂತ ‘ಕಾಫಿ ತಗೊಳ್ಳಿ’ ಅನ್ನುತ್ತೇವೆ. ಅದರಲ್ಲೊಂದು ಮರ್ಯಾದೆ ಇದೆ. ಇಂಗ್ಲಿಷಿನಲ್ಲಿ ಆ ‘ತಗೊಳ್ಳಿ’ಯ ಜಾಗದಲ್ಲಿ ‘ಹ್ಯಾವ್’ ಬರುತ್ತದೆ: ‘ಪ್ಲೀಸ್ ಹ್ಯಾವ್ ಸಮ್ ಕಾಫಿ’. ‘ಟೇಕ್ ಕಾಫಿ’ ಅನ್ನುವುದು ನಮ್ಮ ‘ತಗೊಳ್ಳಿ’ಯ ನೇರ ಅನುವಾದ, ಬೇರೆಯವರಿಗೆ ಕಾಫಿಯನ್ನು ಎತ್ತಿಕೊಂಡು ಹೋಗಿ ಎಂದಂತೆ ಕೇಳಿಸಬಹುದು. ‘ಕುತ್ಕೊಳ್ಳಿ’ ಎಂಬುದಕ್ಕೂ ‘ಹ್ಯಾವ್ ಎ ಸೀಟ್’ ಅಂದರೆ ‘ಸಿಟ್’ ಅನ್ನುವ ಒರಟುತನ ಹೋಗುತ್ತದೆ. ತಿಂಡಿ, ಊಟಗಳ ಹೆಸರಿನ ಹಿಂದೆ ‘ಎ’ ಬೇಡ: ‘ಹ್ಯಾವ್ ಬ್ರೇಕ್‌ಫಾಸ್ಟ್’, ‘ಹ್ಯಾವ್ ಡಿನ್ನರ್’.

ಹೆಜ್ಜೆ 6: ಸಹಾಯಕ್ಕೆ ನಿಲ್ಲುವ ‘ಹ್ಯಾವ್’

ಇಲ್ಲಿ ನಿಧಾನಿಸಿ. ಬಹಳ ಜನ ‘ಹ್ಯಾವ್’ ಕೈಬಿಟ್ಟು ಓಡುವುದು ಇಲ್ಲಿಂದಲೇ. ಆದರೆ ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ‘ನೋಡಿದೆ’ ಮತ್ತು ‘ನೋಡಿದ್ದೀನಿ’ ನಡುವಿನ ವ್ಯತ್ಯಾಸ ನಮಗೆ ಹುಟ್ಟಿನಿಂದ ಗೊತ್ತು. ‘ನೋಡಿದೆ’ ಮುಗಿದುಹೋದ ಘಟನೆ, ‘ನೋಡಿದ್ದೀನಿ’ ಈಗಲೂ ನನ್ನ ಜೊತೆಗಿರುವ ಅನುಭವ. ‘ಜೋಗ ನೋಡಿದ್ದೀರಾ?’ ಅಂತ ಕೇಳುತ್ತೇವೆ, ‘ಜೋಗ ನೋಡಿದಿರಾ?’ ಅಂತ ಕೇಳುವುದು ಪ್ರವಾಸದಿಂದ ಈಗಷ್ಟೇ ಬಂದವರನ್ನು. ಇಂಗ್ಲಿಷಿನಲ್ಲೂ ಅಷ್ಟೇ: ‘ಹ್ಯಾವ್ ಯೂ ಸೀನ್ ಜೋಗ್?’ ಮತ್ತು ‘ಡಿಡ್ ಯೂ ಸೀ ಜೋಗ್?’. ನಾವು ‘ಇರು’ವನ್ನು ಸಹಾಯಕ್ಕೆ ಕರೆಯುವ ಜಾಗಕ್ಕೆ ಅವರು ‘ಹ್ಯಾವ್’ ಕರೆಯುತ್ತಾರೆ. ಮುಂದಿನ ಪದ ಕ್ರಿಯಾಪದದ ಮೂರನೆಯ ರೂಪ – ಸೀನ್, ಗಾನ್, ಈಟನ್, ಡನ್.

‘ಅಪ್ಪ ಹುಬ್ಬಳ್ಳಿಗೆ ಹೋಗಿದ್ದಾರೆ’ ಅಂದರೆ ಮನೆಯಲ್ಲಿಲ್ಲ: ‘ಹ್ಯಾಸ್ ಗಾನ್ ಟು’. ‘ಹೋಗಿ ಬಂದಿದ್ದಾರೆ’ ಅಂದರೆ ‘ಹ್ಯಾಸ್ ಬೀನ್ ಟು’. ‘ಊಟ ಆಯ್ತಾ?’ ಎಂಬ ನಮ್ಮ ನಮಸ್ಕಾರದಂಥ ಪ್ರಶ್ನೆ ‘ಹ್ಯಾವ್ ಯೂ ಹ್ಯಾಡ್ ಲಂಚ್?’ ಆಗುತ್ತದೆ. ಅಲ್ಲಿ ‘ಹ್ಯಾವ್’, ‘ಹ್ಯಾಡ್’ ಎರಡೂ ಬಂದಿವೆ ಅಂತ ಗಾಬರಿ ಬೇಡ. ಮೊದಲನೆಯದು ಸಹಾಯಕ, ಎರಡನೆಯದು ಊಟ ಮಾಡುವ ‘ಹ್ಯಾವ್’ನ ಮೂರನೆಯ ರೂಪ.

ಅನುಕೂಲ ಇಲ್ಲಿಗೆ ನಿಲ್ಲುತ್ತದೆ. ಇನ್ನು ಮೂರು ಗುಂಡಿಗಳು.

ಮೊದಲನೆಯದು ‘ಹೋಗಿದ್ದೆ’. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಅನ್ನುವುದು ಶುದ್ಧ ಕನ್ನಡ. ಅದನ್ನೇ ಹೊತ್ತುಕೊಂಡು ‘ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ಮೈಸೂರು’ ಅನ್ನುತ್ತೇವೆ. ಕೇಳುವವರು ‘ಆಮೇಲೆ?’ ಎಂದು ಕಾಯುತ್ತಾರೆ. ಯಾಕೆಂದರೆ ‘ಹ್ಯಾಡ್ ಗಾನ್’ಗೆ ಹಿಂದಿನ ಕಾಲದ ಇನ್ನೊಂದು ಘಟನೆಯ ಜೊತೆ ಬೇಕು: ‘ನಾವು ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲು ಹೊರಟುಹೋಗಿತ್ತು’ – ‘ವೆನ್ ವೀ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್’. ಒಂದೇ ಘಟನೆಯಾದರೆ ‘ಐ ವೆಂಟ್’ ಸಾಕು.

ಎರಡನೆಯದು ಗಡಿಯಾರ. ನಿನ್ನೆ, ಕಳೆದ ವಾರ, 2019ರಲ್ಲಿ ಎಂದು ಮುಗಿದ ಸಮಯವನ್ನು ಹೆಸರಿಸಿದರೆ ‘ಹ್ಯಾವ್’ ಬರಕೂಡದು. ‘ಐ ಹ್ಯಾವ್ ಪೇಯ್ಡ್ ದ ಬಿಲ್’ ಸರಿ. ‘ಐ ಹ್ಯಾವ್ ಪೇಯ್ಡ್ ದ ಬಿಲ್ ಯೆಸ್ಟರ್ಡೇ’ ತಪ್ಪು, ‘ಐ ಪೇಯ್ಡ್ ದ ಬಿಲ್ ಯೆಸ್ಟರ್ಡೇ’.

ಮೂರನೆಯದು ನಮ್ಮ ‘ಇಂದ’. ‘ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ’ ಎಂಬುದರಲ್ಲಿ ‘ಹ್ಯಾವ್’ನ ಸುಳಿವೇ ಇಲ್ಲ. ಹಾಗಾಗಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಅನ್ನುತ್ತೇವೆ. ಒಂದೇ ವಾಕ್ಯದಲ್ಲಿ ಎರಡು ತಪ್ಪು. ಆಗ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ‘ಹ್ಯಾವ್ ಬೀನ್’ ಬೇಕು. ‘ಇಂದ’ದ ಹಿಂದೆ ಅವಧಿ ಇದ್ದರೆ ‘ಫಾರ್’, ಶುರುವಾದ ದಿನ ಇದ್ದರೆ ‘ಸಿನ್ಸ್’. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’, ಇಲ್ಲವೇ ಶುರುವಾದ ವರ್ಷ ಹಿಡಿದು ‘ಸಿನ್ಸ್ 2023’ ಎಂಬಂತೆ. ಸಂದರ್ಶನಕ್ಕೆ ಹೋಗುವವರು ಈ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡರೂ ಲಾಭವಿದೆ.

ಹೆಜ್ಜೆ 7: ‘ಬೇಕು’ ಆಗುವ ‘ಹ್ಯಾವ್ ಟು’

‘ನಾನು ಹೋಗಬೇಕು’ – ‘ಐ ಹ್ಯಾವ್ ಟು ಗೋ’. ನಮ್ಮ ‘ಬೇಕು’ ಯಾರಿಗೂ ಬಗ್ಗುವುದಿಲ್ಲ. ನಾನು, ಅವಳು, ಅವರು ಎಲ್ಲರಿಗೂ ಅದೇ. ಇಂಗ್ಲಿಷಿನಲ್ಲಿ ‘ಷೀ ಹ್ಯಾಸ್ ಟು ಗೋ’ ಆಗುತ್ತದೆ. ಉಚ್ಚಾರಣೆಯಲ್ಲಿ ‘ವ್’ ಕರಗಿ ‘ಹ್ಯಾಫ್ಟು’ ಅಂತ ಕೇಳಿಸುತ್ತದೆ. ಇಂಗ್ಲಿಷ್ ಸುದ್ದಿ ಕೇಳುವಾಗ ಕಿವಿ ಇಟ್ಟು ನೋಡಿ.

‘ಬೇಡ’ದ ಕಡೆ ಒಂದು ಅಪಾಯ. ‘ಯೂ ಡೋಂಟ್ ಹ್ಯಾವ್ ಟು ಪೇ’ ಅಂದರೆ ಕೊಡಬೇಕಾಗಿಲ್ಲ, ಕೊಟ್ಟರೆ ನಿಮ್ಮಿಷ್ಟ. ‘ಯೂ ಮಸ್ಟ್ ನಾಟ್ ಪೇ’ ಅಂದರೆ ಕೊಡಕೂಡದು. ‘ಬೇಕಾಗಿಲ್ಲ’, ‘ಕೂಡದು’ ಇವೆರಡರ ಅಂತರ ನೆನಪಿದ್ದರೆ ಸಾಕು.

ನನಗೆ ಇಡೀ ಪಾಠದಲ್ಲಿ ಬಲು ಇಷ್ಟವಾದ ಜೋಡಿ ಇದು: ‘ಹೋಗಬೇಕಾಯಿತು’ ಮತ್ತು ‘ಹೋಗಬೇಕಿತ್ತು’. ಮೊದಲನೆಯದರಲ್ಲಿ ಹೋದೆ, ಮನಸ್ಸಿಲ್ಲದಿದ್ದರೂ: ‘ಐ ಹ್ಯಾಡ್ ಟು ಗೋ’. ಎರಡನೆಯದರಲ್ಲಿ ಹೋಗಲಿಲ್ಲ, ಈಗ ಕೊರಗು: ‘ಐ ಶುಡ್ ಹ್ಯಾವ್ ಗಾನ್’. ಕನ್ನಡ ಎರಡು ಅಕ್ಷರದಲ್ಲಿ ಮಾಡುವ ವ್ಯತ್ಯಾಸಕ್ಕೆ ಇಂಗ್ಲಿಷ್ ಬೇರೆ ವಾಕ್ಯವನ್ನೇ ಕಟ್ಟಬೇಕಾಗುತ್ತದೆ. ಅಂದಹಾಗೆ, ಈ ‘ಶುಡ್ ಹ್ಯಾವ್’ ಬೇಗ ಹೇಳಿದಾಗ ‘ಶುಡವ್’ ಆಗಿ, ಅದನ್ನು ‘ಶುಡ್ ಆಫ್’ ಅಂತ ತಪ್ಪಾಗಿ ಬರೆಯುವವರು ಇಂಗ್ಲಿಷ್ ಮಾತೃಭಾಷೆಯವರಲ್ಲೇ ಸಾಕಷ್ಟಿದ್ದಾರೆ. ನಮಗೆ ಬರುವುದಿಲ್ಲ ಅಂತ ಕುಗ್ಗುವ ಮುಂಚೆ ಇದೂ ಗೊತ್ತಿರಲಿ.

ಹೆಜ್ಜೆ 8: ‘ಮಾಡಿಸು’

ಮಾಡು, ಮಾಡಿಸು; ಹೊಲಿ, ಹೊಲಿಸು. ನಮ್ಮ ‘ಇಸು’ ಎಂಥ ಸೊಗಸಾದ ಸಲಕರಣೆ! ಇಂಗ್ಲಿಷಿನಲ್ಲಿ ಅಂಥ ಬಾಲವಿಲ್ಲ, ಅದಕ್ಕೂ ‘ಹ್ಯಾವ್’ನ ಮೊರೆ ಹೋಗುತ್ತಾರೆ. ‘ಮನೆಗೆ ಬಣ್ಣ ಹೊಡೆಸಿದೆವು’ – ‘ವೀ ಹ್ಯಾಡ್ ದ ಹೌಸ್ ಪೇಂಟೆಡ್’. ‘ಕಟಿಂಗ್ ಮಾಡಿಸಿಕೊಂಡೆ’ – ‘ಐ ಹ್ಯಾಡ್ ಮೈ ಹೇರ್ ಕಟ್’. ‘ಐ ಕಟ್ ಮೈ ಹೇರ್’ ಅಂದರೆ ಕತ್ತರಿ ನಿಮ್ಮ ಕೈಯಲ್ಲೇ ಇತ್ತು. ಕ್ರಮ ಮುಖ್ಯ: ‘ಹ್ಯಾಡ್’, ಆಮೇಲೆ ವಸ್ತು, ಆಮೇಲೆ ಮೂರನೆಯ ರೂಪ. ವಸ್ತುವನ್ನು ಕೊನೆಗೆ ತಳ್ಳಿ ‘ಐ ಹ್ಯಾಡ್ ಕಟ್ ಮೈ ಹೇರ್’ ಅಂದರೆ ಮತ್ತೆ ಆರನೆಯ ಹೆಜ್ಜೆಯ ‘ಹ್ಯಾಡ್’ ಆಗಿ, ಕತ್ತರಿ ನಿಮ್ಮ ಕೈಗೇ ಬರುತ್ತದೆ.

ಈಗ ನಿಮ್ಮ ಸರದಿ

ದಿನಕ್ಕೆ ನಿಮ್ಮದೇ ಮನೆಯ ಐದು ‘ಇದೆ’ ವಾಕ್ಯ ಬರೆದು ತಿರುವಿ ಹಾಕಿ. ಪುಸ್ತಕದ ಪೆನ್ನು, ಛತ್ರಿ ಬೇಡ. ನಿಮ್ಮ ಸಾಲ, ನಿಮ್ಮ ಹಸು, ನಿಮ್ಮ ಮಗಳ ಪರೀಕ್ಷೆ ಇರಲಿ. ಒಂದು ವಾರವಾದ ಮೇಲೆ ಕೆಳಗಿನ ಭಾಗವನ್ನು ಉತ್ತರ ನೋಡದೆ ಇಂಗ್ಲಿಷಿಗೆ ತನ್ನಿ:

‘ಅಕ್ಕನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ನಿನ್ನೆಯಿಂದ ಜ್ವರ. ಭಾವ ಹಾಸನಕ್ಕೆ ಹೋಗಿದ್ದಾರೆ, ಹಾಗಾಗಿ ಅಕ್ಕನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾಯಿತು. ರಕ್ತಪರೀಕ್ಷೆ ಮಾಡಿಸಿದಳು. ನಾಳೆ ಮತ್ತೆ ಹೋಗಬೇಕಾಗಿಲ್ಲವಂತೆ. ಈಗ ಅವನು ಗಂಜಿ ಕುಡಿಯುತ್ತಿದ್ದಾನೆ.’

ಉತ್ತರ: ‘ಮೈ ಸಿಸ್ಟರ್ ಹ್ಯಾಸ್ ಟೂ ಸನ್ಸ್. ದ ಓಲ್ಡರ್ ಒನ್ ಹ್ಯಾಸ್ ಹ್ಯಾಡ್ ಎ ಫೀವರ್ ಸಿನ್ಸ್ ಯೆಸ್ಟರ್ಡೇ. ಹರ್ ಹಸ್ಬೆಂಡ್ ಹ್ಯಾಸ್ ಗಾನ್ ಟು ಹಾಸನ್, ಸೋ ಷೀ ಹ್ಯಾಡ್ ಟು ಟೇಕ್ ದ ಬಾಯ್ ಟು ದ ಡಾಕ್ಟರ್ ಹರ್ಸೆಲ್ಫ್. ಷೀ ಹ್ಯಾಡ್ ಹಿಸ್ ಬ್ಲಡ್ ಟೆಸ್ಟೆಡ್. ಷೀ ಸೇಸ್ ದೇ ಡೋಂಟ್ ಹ್ಯಾವ್ ಟು ಗೋ ಅಗೇನ್ ಟುಮಾರೋ. ಹೀ ಈಸ್ ಹ್ಯಾವಿಂಗ್ ಗಂಜಿ ನೌ.’

ಎರಡನೆಯ ವಾಕ್ಯದ ‘ಹ್ಯಾಸ್ ಹ್ಯಾಡ್’ ನೋಡಿ ‘ಅಚ್ಚಿನ ತಪ್ಪು’ ಅನ್ನಿಸಿದರೆ ಆರನೆಯ ಹೆಜ್ಜೆಯ ‘ಇಂದ’ಕ್ಕೆ ವಾಪಸ್ ಹೋಗಿ. ಜ್ವರ ನಿನ್ನೆ ಶುರುವಾಗಿ ಈಗಲೂ ಇದೆ, ಆದ್ದರಿಂದ ಸಹಾಯಕ ‘ಹ್ಯಾಸ್’. ‘ಜ್ವರ ಇದೆ’ ಎಂಬ ‘ಹ್ಯಾವ್’ ಮೂರನೆಯ ರೂಪಕ್ಕೆ ಹೋಗಿ ‘ಹ್ಯಾಡ್’. ಇನ್ನು ‘ಹೋಗಬೇಕಾಗಿಲ್ಲವಂತೆ’ಯ ಆ ‘ಅಂತೆ’. ಅದಕ್ಕೆ ಇಂಗ್ಲಿಷಿನಲ್ಲಿ ಹಾಗೆ ಅಂಟಿಸುವ ಪ್ರತ್ಯಯವಿಲ್ಲ. ಅದಕ್ಕೇ ‘ಷೀ ಸೇಸ್’ ಅಂತ ಅಕ್ಕನನ್ನೇ ಮತ್ತೆ ಮುಂದೆ ಕರೆದು ನಿಲ್ಲಿಸಿದ್ದೇನೆ.